ಎಂಜಿನ್ ಎಣ್ಣೆಗೆ ಕಟ್ಟೆ: ಬೆಂಡಿನಿಂದ ರಬ್ಬರಿನವರೆಗೆ

ಮಂಗಳೂರಿನಲ್ಲಿ ಮೊದಲ ಮಳೆ ಬಿದ್ದಾಗ ವಾಹನ ನಿಲ್ಲುವ ಜಾಗಗಳಲ್ಲಿ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣಗಳು ಹರಡುವುದನ್ನು ನೀವು ಗಮನಿಸಿರಬಹುದು. ಅದು ವಾಹನಗಳಿಂದ ತೊಟ್ಟಿಕ್ಕಿದ ಎಣ್ಣೆಯ ತೆಳುಪೊರೆ. ಚರಂಡಿಗಳಲ್ಲಿ ಹರಿದು ಅದು ನೇತ್ರಾವತಿ, ಗುರುಪುರ ನದಿಗಳ ಅಳಿವೆಯನ್ನು ಸೇರುತ್ತದೆ. ಈ ಎಣ್ಣೆಯನ್ನು ಎಂಜಿನ್ನಿನೊಳಗೇ ಹಿಡಿದಿಡುವ ಪ್ರಯತ್ನಕ್ಕೆ ಮೋಟಾರು ವಾಹನದಷ್ಟೇ ವಯಸ್ಸು.

ಎಂಜಿನ್ ಹಲವು ಭಾಗಗಳ ಜೋಡಣೆ. ಸೋರುವುದು ಮುಖ್ಯವಾಗಿ ಎರಡು ಕಡೆ: ಬೋಲ್ಟುಗಳಿಂದ ಬಿಗಿದ ಮುಚ್ಚಳಗಳ ಅಂಚಿನಲ್ಲಿ ಮತ್ತು ತಿರುಗುವ ದಂಡಗಳು ಹೊರಬರುವ ಜಾಗದಲ್ಲಿ. ಲೋಹದ ಮೈ ಎಷ್ಟೇ ನುಣುಪಾಗಿ ಕಂಡರೂ ಅದರಲ್ಲಿ ಸೂಕ್ಷ್ಮ ಏರುತಗ್ಗುಗಳಿರುತ್ತವೆ. ಅವನ್ನು ತುಂಬಲು ಮೆತ್ತನೆಯ ವಸ್ತು ಬೇಕು. ಅದೇ ಗ್ಯಾಸ್ಕೆಟ್. ಮೊದಲು ಇದಕ್ಕೆ ಬಳಸಿದ್ದು ದಪ್ಪ ಕಾಗದ ಮತ್ತು ಬೆಂಡು. ನಮ್ಮ ದೇಶದ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಅಂಟಾಗಿ ಬಳಸುವುದೂ ಉಂಟು. ತಿರುಗುವ ದಂಡಕ್ಕೆ ಉಣ್ಣೆಯ ಫೆಲ್ಟ್, ಹುರಿ ಅಥವಾ ಚರ್ಮವನ್ನು ಸುತ್ತುತ್ತಿದ್ದರು.

ಮಂಗಳೂರಿನಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪನಿ 1914ರಲ್ಲಿ ಸ್ಥಾಪನೆಯಾಯಿತು. ಮುಂದೆ ವಿ. ಎಸ್. ಕುಡ್ವರು ಕಟ್ಟಿದ ಕೆನರಾ ವರ್ಕ್‌ಶಾಪ್ಸ್ ವಾಹನಗಳ ಸ್ಪ್ರಿಂಗಿಗೆ ಹೆಸರಾಯಿತು. ಸ್ಪ್ರಿಂಗ್ ಊರಿನಲ್ಲೇ ತಯಾರಾಯಿತು, ಕಾಗದದ ಗ್ಯಾಸ್ಕೆಟ್ಟನ್ನು ಮೆಕ್ಯಾನಿಕ್ ಸುತ್ತಿಗೆಯಿಂದ ಅಂಚು ತಟ್ಟಿಯೇ ಕತ್ತರಿಸಬಲ್ಲ. ಆದರೆ ತಿರುಗುವ ದಂಡದ ಸೀಲ್‌ಗೆ ರಸಾಯನವಿಜ್ಞಾನವೇ ನೆರವಿಗೆ ಬರಬೇಕಾಯಿತು.

ಸುಳ್ಯ, ಪುತ್ತೂರಿನ ತೋಟಗಳಲ್ಲಿ ರಬ್ಬರ್ ಬೆಳೆಯುತ್ತದೆ. ಅದನ್ನೇ ಏಕೆ ಬಳಸಬಾರದು? ನೈಸರ್ಗಿಕ ರಬ್ಬರ್ ಒಂದು ಹೈಡ್ರೋಕಾರ್ಬನ್. ಖನಿಜ ಎಣ್ಣೆಯೂ ಅದೇ ಜಾತಿಯದು. ಆದ್ದರಿಂದ ಎಣ್ಣೆ ರಬ್ಬರಿನೊಳಗೆ ನುಗ್ಗಿ ಅದನ್ನು ಊದಿಸಿ ಮೆತ್ತಗಾಗಿಸುತ್ತದೆ. ಜರ್ಮನಿಯ ಫ್ರಾಯ್ಡೆನ್‌ಬರ್ಗ್ ಎಂಬ ಚರ್ಮದ ಸಂಸ್ಥೆ 1929ರಲ್ಲಿ ಚರ್ಮದ ಸೀಲ್‌ಗಳನ್ನು ತಯಾರಿಸತೊಡಗಿತು. ಅಲ್ಲಿಯ ಎಂಜಿನಿಯರ್ ವಾಲ್ಟರ್ ಸಿಮ್ಮರ್ ಚರ್ಮದ ತುಟಿಯನ್ನು ಲೋಹದ ಬಳೆಯೊಳಗೆ ಕೂರಿಸಿದ. 1930ರ ದಶಕದಲ್ಲೇ ನೈಟ್ರೈಲ್ ರಬ್ಬರ್ ಬಂದಿತು. ಅದರ ಅಣುವಿನಲ್ಲಿರುವ ಧ್ರುವೀಯ ಸಯನೊ ಗುಂಪುಗಳಿಂದಾಗಿ ಅದು ಎಣ್ಣೆಗೆ ಸುಲಭವಾಗಿ ಊದುವುದಿಲ್ಲ. ಚರ್ಮದ ಜಾಗವನ್ನು ಕ್ರಮೇಣ ಇಂಥ ರಬ್ಬರುಗಳು ಆಕ್ರಮಿಸಿದವು.

1957ರಲ್ಲಿ ತಯಾರಿಕೆ ಆರಂಭವಾಗಿ 2014ರವರೆಗೆ ನಡೆದ ಅಂಬಾಸಿಡರ್ ಕಾರು ಇನ್ನೊಂದು ಪಾಠ ಹೇಳುತ್ತದೆ. ಅದರ ಹಳೆಯ 1489 ಸಿಸಿ ಪೆಟ್ರೋಲ್ ಎಂಜಿನ್ನಿನ ಹಿಂಬದಿಯಲ್ಲಿ ಉಜ್ಜುವ ಸೀಲ್ ಇರಲಿಲ್ಲ. ಕ್ರ್ಯಾಂಕ್ ದಂಡದ ಮೇಲಿನ ತಿರುಪುಗೆರೆ ಆರ್ಕಿಮಿಡೀಸನ ತಿರುಪಿನಂತೆ ಎಣ್ಣೆಯನ್ನು ಒಳಕ್ಕೆ ತಳ್ಳುತ್ತಿತ್ತು. ಎಂಜಿನ್ ನಿಂತರೆ ತಳ್ಳುವಿಕೆಯೂ ನಿಲ್ಲುತ್ತಿತ್ತು, ಹನಿ ಬೀಳುತ್ತಿತ್ತು. ಪಿಸ್ಟನ್ ಉಂಗುರಗಳ ಪಕ್ಕದಿಂದ ನುಸುಳುವ ಅನಿಲ ಹೊರಹೋಗುವ ಉಸಿರುನಳಿಕೆ ಕಟ್ಟಿಕೊಂಡರಂತೂ ಒಳಗಿನ ಒತ್ತಡ ಏರಿ ಸೋರಿಕೆ ಹೆಚ್ಚುತ್ತಿತ್ತು. ಇಂದಿನ ಕಾರುಗಳಿಗೂ ಈ ಮಾತು ಸಲ್ಲುತ್ತದೆ.

ಹೀಗಾಗಿ ಮನೆಯ ರಿಪೇರಿ ಕಾರಣ ಹುಡುಕುವುದರಿಂದ ಶುರುವಾಗಬೇಕು. ತಣ್ಣಗಾದ ಎಂಜಿನ್ನನ್ನು ಒರೆಸಿ, ರಾತ್ರಿ ಕಾರಿನಡಿ ರಟ್ಟು ಹಾಸಿ. ಎಣ್ಣೆ ಕೆಳಕ್ಕೆ ಇಳಿಯುವುದರಿಂದ ಒದ್ದೆಯಾದ ಅತಿ ಮೇಲಿನ ಜಾಗವೇ ಸಾಮಾನ್ಯವಾಗಿ ಮೂಲ. ಮೊದಲು ಉಸಿರುನಳಿಕೆ ಸ್ವಚ್ಛವಾಗಿದೆಯೇ ನೋಡಿ. ಮೇಲಿನ ಮುಚ್ಚಳದ ಬೋಲ್ಟು ಸಡಿಲವಾಗಿದ್ದರೆ ಹದವಾಗಿ ಬಿಗಿಯಿರಿ. ಅತಿಯಾಗಿ ಬಿಗಿದರೆ ಮುಚ್ಚಳ ಬಾಗಿ ಸೋರಿಕೆ ಹೆಚ್ಚುತ್ತದೆ. ಒಣಗಿ ಬಿರುಸಾದ ಗ್ಯಾಸ್ಕೆಟ್ ಬದಲಿಸುವುದು ದುಬಾರಿಯಲ್ಲ. ಸೋರಿಕೆ ನಿಲ್ಲಿಸುವುದಾಗಿ ಎಣ್ಣೆಗೆ ಸೇರಿಸುವ ದ್ರವಗಳಲ್ಲಿ ಅನೇಕವು ಹಳೆಯ ರಬ್ಬರನ್ನು ಊದಿಸುತ್ತವೆ ಅಷ್ಟೆ; ಹರಿದ ಸೀಲನ್ನು ಅವು ಕೂಡಿಸಲಾರವು. ಎಣ್ಣೆಯ ಒತ್ತಡದ ಕೆಂಪು ದೀಪ ಹೊತ್ತಿದರೆ ಕೂಡಲೇ ಎಂಜಿನ್ ನಿಲ್ಲಿಸಿ. ಕ್ರ್ಯಾಂಕ್ ದಂಡದ ಹಿಂಬದಿ ಸೀಲ್ ಬದಲಿಸಲು ಗೇರ್‌ಬಾಕ್ಸ್ ಇಳಿಸಬೇಕಾದ್ದರಿಂದ ಅದು ಗ್ಯಾರೇಜಿನ ಕೆಲಸ.

ತರಗತಿಯಲ್ಲಿ ಒಂದು ಪ್ರಯೋಗ ಮಾಡಿ. ನೈಸರ್ಗಿಕ ರಬ್ಬರಿನ ಉಂಗುರವನ್ನೂ ಗ್ಯಾರೇಜಿನಲ್ಲಿ ಬಿಸಾಡಿದ ಆಯಿಲ್ ಸೀಲಿನ ತುಂಡನ್ನೂ ಅಳೆದು ಎಂಜಿನ್ ಎಣ್ಣೆಯಲ್ಲಿ ಒಂದು ವಾರ ಮುಳುಗಿಸಿಡಿ. ಮತ್ತೆ ಅಳೆದರೆ ಯಾವುದು ಊದಿತೆಂಬುದು ತಿಳಿಯುತ್ತದೆ. ಉಳಿದ ಎಣ್ಣೆಯನ್ನು ಮಾತ್ರ ಚರಂಡಿಗೆ ಸುರಿಯದೆ ಗ್ಯಾರೇಜಿನ ಹಳೆ ಎಣ್ಣೆಯ ಡಬ್ಬಕ್ಕೆ ಒಪ್ಪಿಸಿ.