ಟಿಶ್ಯೂ ಬಾಳೆ ಸಸಿ ಕೊಳ್ಳೋ ಮುನ್ನ: ತಳಿ ಶುದ್ಧತೆ ಪರೀಕ್ಷೆ ಅಂದ್ರೇನು?

ಮಸ್ಕಿ: ಲ್ಯಾಬ್‌ನಲ್ಲಿ ಬೆಳೆಸಿದ ಜಿ-9 ಬಾಳೆ ಸಸಿ ತಾಯಿ ಗಿಡದ ನಕಲು. ಆದ್ರೆ ಜೆರಾಕ್ಸ್‌ನ ಜೆರಾಕ್ಸ್ ತೆಗೀತಾ ಹೋದ್ರೆ ಅಕ್ಷರ ಮಸುಕಾಗುತ್ತಲ್ಲ, ಹಾಗೇ ಬಾಟಲಿಯಲ್ಲಿ ಪದೇ ಪದೇ ಒಡೆದು ಹೆಚ್ಚಿಸಿದ ಸಸಿಯ ತಳಿಗುಣ ಬದಲಾಗಬಹುದು. ಇದಕ್ಕೆ 'ಸೋಮಾಕ್ಲೋನಲ್ ವೇರಿಯೇಶನ್' ಅಂತ 1981ರಲ್ಲಿ ವಿಜ್ಞಾನಿಗಳಾದ ಲಾರ್ಕಿನ್ ಮತ್ತು ಸ್ಕೌಕ್ರಾಫ್ಟ್ ಹೆಸರಿಟ್ಟರು. ಗಿಡ ಕುಳ್ಳಾಗೋದು, ಎಲೆ ಮೇಲೆ ಬಿಳಿ ಪಟ್ಟೆ ಬರೋದು, ಗೊನೆ ವಿಕಾರವಾಗೋದು ಇದರ ಲಕ್ಷಣ.

ಪರೀಕ್ಷೆ ಹೇಗೆ?
ತಾಯಿ ಗಿಡ ಹಾಗೂ ಆಯ್ದ ಕೆಲ ಸಸಿಗಳ ಎಲೆಯಿಂದ ಡಿಎನ್‌ಎ ತೆಗೆದು, ಪಿಸಿಆರ್ ಯಂತ್ರದಲ್ಲಿ ಎಸ್‌ಎಸ್‌ಆರ್, ಐಎಸ್‌ಎಸ್‌ಆರ್ ಎಂಬ ಗುರುತುಗಳನ್ನು ಹೋಲಿಸ್ತಾರೆ. ಗೆರೆಗಳು ಒಂದೇ ತರ ಇದ್ರೆ ಪಾಸ್. ಇಲ್ಲಿ ಡಿಎನ್‌ಎಯ ಕೆಲ ಭಾಗ ಮಾತ್ರ ನೋಡೋದ್ರಿಂದ, ನರ್ಸರಿಯಲ್ಲೂ ಕಣ್ಣಳತೆಯಲ್ಲಿ ಬೇರೆ ತರದ ಸಸಿ ಆರಿಸಿ ತೆಗೀಬೇಕು. ವೈರಸ್ ಪರೀಕ್ಷೆ ಬೇರೆ. ಒಂದು ಪಾಸಾದ್ರೆ ಇನ್ನೊಂದೂ ಪಾಸ್ ಅಂತಲ್ಲ.

ಕೊಳ್ಳೋವಾಗ ಏನು ಕೇಳಬೇಕು?
ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ 2006ರಲ್ಲಿ ಟಿಶ್ಯೂ ಸಸಿಗಳಿಗೆ ರಾಷ್ಟ್ರೀಯ ಪ್ರಮಾಣೀಕರಣ ವ್ಯವಸ್ಥೆ ತಂದಿದೆ. ತಿರುಚ್ಚಿಯ ರಾಷ್ಟ್ರೀಯ ಬಾಳೆ ಸಂಶೋಧನಾ ಕೇಂದ್ರದಲ್ಲಿ ಪರೀಕ್ಷೆ ಸೌಲಭ್ಯವಿದೆ. ರೈತರು ತಾವೇ ಡಿಎನ್‌ಎ ಪರೀಕ್ಷೆ ಮಾಡಿಸಬೇಕಿಲ್ಲ. ಆ ಬ್ಯಾಚ್‌ನ ಪ್ರಮಾಣಪತ್ರ ತೋರಿಸಿ ಅಂತ ಕೇಳಿ, ಬ್ಯಾಚ್ ನಂಬರ್ ಬಿಲ್ ಮೇಲೆ ಬರೆಸಿಕೊಳ್ರಿ. ಸಸಿ ಮಾರುವ ಅಂಗಡಿಯವರೂ ಪ್ರತಿ ಇಟ್ಟುಕೊಂಡ್ರೆ ತಕರಾರು ಬಂದಾಗ ಅನುಕೂಲ.

ಗೊನೆ ಕೆಟ್ಟಿದ್ದು ಗೊತ್ತಾಗೋದು ತಿಂಗಳುಗಟ್ಟಲೆ ನೀರು, ಗೊಬ್ಬರ ಹಾಕಿದ ಮೇಲೆ. ಗೊನೆ ಕಟಾವಾಗೋ ತನಕ ಬಿಲ್ ಎಸೀಬ್ಯಾಡ್ರಿ.