ಮೀರತ್ ಠಾಣೆಯಲ್ಲಿ ಹೋದ ಬಂಗಾರ

ಉದ್ಯೋಗಕ್ಕಾಗಿ ಊರು ಬಿಟ್ಟು ಬಂದ ನಮ್ಮಂಥವರಿಗೆ ರಾತ್ರಿಯ ರೈಲು ಹೊಸದಲ್ಲ. ಮದುವೆ-ಮುಂಜಿಗೆಂದು ಊರಿಗೆ ಹೊರಟಾಗ ನಾಲ್ಕು ಒಡವೆಗಳನ್ನು ಟ್ರಂಕಿನಲ್ಲಿ ಸೀರೆಗಳ ನಡುವೆ ಅಡಗಿಸಿಟ್ಟು, ಬೆಳಗಾಗುವವರೆಗೆ ಕಣ್ಣು ಮುಚ್ಚದೆ ಕುಳಿತವರು ನಮ್ಮಲ್ಲಿ ಎಷ್ಟೋ ಜನ. ಕಳ್ಳರ ಭಯವೇನೋ ಸಹಜ. ಆದರೆ ಪೊಲೀಸ್ ಠಾಣೆಯಲ್ಲಿಯೇ ಬಂಗಾರ ಮಾಯವಾದರೆ ಯಾರನ್ನು ಕೇಳಬೇಕು?

1947ರ ಸೆಪ್ಟೆಂಬರ್ 20ರ ನಡುರಾತ್ರಿ ಅಮೃತಸರದ ಚಿನಿವಾರ ಅಂಗಡಿಯೊಂದರ ಪಾಲುದಾರರೊಬ್ಬರು ಮಾರಾಟಕ್ಕೆಂದು ಬೆಳ್ಳಿ-ಬಂಗಾರ ತೆಗೆದುಕೊಂಡು ಮೀರತ್ತಿನಲ್ಲಿ ಇಳಿದರು. ದೇಶವಿಭಜನೆಯ ಗೊಂದಲದ ದಿನಗಳವು. ಪೇಟೆಯ ದಾರಿಯಲ್ಲಿ ಮೂವರು ಪೇದೆಗಳು ಸಂಶಯದಿಂದ ಹಿಡಿದು, ಠಾಣೆಗೊಯ್ದು, 103 ತೊಲೆಗೂ ಮಿಕ್ಕ ಬಂಗಾರವನ್ನೂ ಎರಡು ಮಣಕ್ಕೂ ಮಿಕ್ಕ ಬೆಳ್ಳಿಯನ್ನೂ ವಶಪಡಿಸಿಕೊಂಡು ಲಾಕಪ್ಪಿಗೆ ಹಾಕಿದರು. ಮರುದಿನ ಜಾಮೀನಾಯಿತು. ಮುಂದೆ ಬೆಳ್ಳಿಯೂ ಮರಳಿತು. ಬಂಗಾರ ಮಾತ್ರ ಬರಲಿಲ್ಲ. ಅದನ್ನು ಕಾಯಬೇಕಾದ ಹೆಡ್ ಕಾನ್‌ಸ್ಟೇಬಲನೇ ಅಕ್ಟೋಬರಿನಲ್ಲಿ ಅದರೊಡನೆ ಪಾಕಿಸ್ತಾನಕ್ಕೆ ಪರಾರಿಯಾಗಿದ್ದ!

ಅಂಗಡಿಯವರು ಸರಕಾರದ ಮೇಲೆ ದಾವೆ ಹೂಡಿದರು: ಬಂಗಾರ ಕೊಡಿ, ಇಲ್ಲವೇ ಅದರ ಬೆಲೆ, 11 ಸಾವಿರಕ್ಕೂ ಮಿಕ್ಕ ರೂಪಾಯಿ, ಕೊಡಿ. ಕೆಳಗಿನ ಕೋರ್ಟಿನಲ್ಲಿ ಗೆದ್ದರು, ಹೈಕೋರ್ಟಿನಲ್ಲಿ ಸೋತರು. 1964ರಲ್ಲಿ ಸುಪ್ರೀಂ ಕೋರ್ಟೂ ಅವರ ಮೇಲ್ಮನವಿಯನ್ನು ವಜಾ ಮಾಡಿತು. ಕಸ್ತೂರಿಲಾಲ್ ಪ್ರಕರಣವೆಂದು ಪ್ರಸಿದ್ಧವಾದ ಆ ತೀರ್ಪನ್ನು ಬರೆದವರು ಮುಖ್ಯ ನ್ಯಾಯಮೂರ್ತಿ ಪಿ. ಬಿ. ಗಜೇಂದ್ರಗಡಕರ್. ಹೆಸರೇ ಹೇಳುವಂತೆ ಅವರ ಹಿರಿಯರು ನಮ್ಮ ಗಜೇಂದ್ರಗಡದವರು. ಸ್ವತಃ ಅವರೂ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದವರು. ಪೊಲೀಸರು ಘೋರ ಅಲಕ್ಷ್ಯ ಮಾಡಿದ್ದಾರೆಂದು ಅವರು ಒಪ್ಪಿದರು. ಆದರೆ ಹಿಡಿಯುವುದು, ಶೋಧಿಸುವುದು, ಜಪ್ತಿ ಮಾಡುವುದು ರಾಜ್ಯದ ಸಾರ್ವಭೌಮ ಅಧಿಕಾರಕ್ಕೆ ಸೇರಿದ ಕೆಲಸ. ಅದರಲ್ಲಾದ ತಪ್ಪಿಗೆ ಸರಕಾರ ಹಣ ತೆರಬೇಕಾಗಿಲ್ಲ ಎಂದರು.

ಈ ವಾದದ ಬೇರು ಇನ್ನೂ ಒಂದು ಶತಮಾನ ಹಿಂದಿನದು. ಕಲಕತ್ತೆಯ ಕಿದ್ದರ್‌ಪುರದ ಸರಕಾರಿ ಹಡಗುಕಟ್ಟೆಯ ಬಳಿ ಕೂಲಿಗಳು ಹೊತ್ತಿದ್ದ ಭಾರಿ ಕಬ್ಬಿಣ ಸದ್ದುಮಾಡುತ್ತ ಬಿದ್ದು, ಒಂದು ಹಡಗು ಕಂಪನಿಯ ಗಾಡಿಯ ಕುದುರೆ ಬೆದರಿ ಗಾಯಗೊಂಡಿತು. 1861ರಲ್ಲಿ ಸರ್ ಬಾರ್ನ್ಸ್ ಪೀಕಾಕ್, ಹಡಗು ರಿಪೇರಿ ಖಾಸಗಿಯವರೂ ಮಾಡಬಹುದಾದ ಕೆಲಸ, ಆದ್ದರಿಂದ ಸರಕಾರ ಹೊಣೆ ಎಂದು ತೀರ್ಮಾನಿಸಿದರು. ಪರಿಹಾರ 350 ರೂಪಾಯಿ. ಸಾರ್ವಭೌಮ ಕಾರ್ಯವಾಗಿದ್ದರೆ ಮಾತು ಬೇರೆ ಎಂದು ಅವರು ಸೇರಿಸಿದ ಮಾತೇ ಮುಂದೆ ಗೋಡೆಯಾಯಿತು. ನಮ್ಮ ಸಂವಿಧಾನದ 300ನೆಯ ವಿಧಿಯೂ ಸರಕಾರದ ಮೇಲಿನ ದಾವೆಯ ವಿಷಯದಲ್ಲಿ ಆ ಹಳೆಯ ಸ್ಥಿತಿಯನ್ನೇ ಉಳಿಸಿಕೊಂಡಿತು. ಕುದುರೆಗೆ ಸಿಕ್ಕ ನ್ಯಾಯ ಠಾಣೆಯಲ್ಲಿ ರಾತ್ರಿ ಕಳೆದ ಮನುಷ್ಯನಿಗೆ ಸಿಗಲಿಲ್ಲ.

ಈ ಬಗ್ಗೆ ಕಾನೂನು ಮಾಡಿರೆಂದು ಗಜೇಂದ್ರಗಡಕರರೇ ತೀರ್ಪಿನಲ್ಲಿ ಸೂಚಿಸಿದರು. 1965ರಲ್ಲೊಮ್ಮೆ, 1967ರಲ್ಲೊಮ್ಮೆ ಮಸೂದೆ ಬಂತು, ಎರಡೂ ಕಾನೂನಾಗಲಿಲ್ಲ.

ಗೋಡೆಯಲ್ಲಿ ಬಿರುಕು ಬಿಟ್ಟಿದ್ದು 1983ರಲ್ಲಿ. ಬಿಹಾರದ ರುದಲ್ ಶಾ 1968ರಲ್ಲಿಯೇ ನಿರ್ದೋಷಿಯೆಂದು ತೀರ್ಪಾಗಿದ್ದರೂ ಜೈಲಿನಿಂದ ಹೊರಬಂದದ್ದು 1982ರಲ್ಲಿ. ಹದಿನಾಲ್ಕು ವರ್ಷ! ಮುಖ್ಯ ನ್ಯಾಯಮೂರ್ತಿ ವೈ. ವಿ. ಚಂದ್ರಚೂಡರು ಮೂಲಭೂತ ಹಕ್ಕಿನ ಅರ್ಜಿಯಲ್ಲಿಯೇ ಪರಿಹಾರ ಕೊಡಿಸಿದರು. ಮೊದಲೇ ಕೊಟ್ಟಿದ್ದ 5 ಸಾವಿರದ ಮೇಲೆ ಇನ್ನೂ 30 ಸಾವಿರ. ಇದು ಮಧ್ಯಂತರ ಪರಿಹಾರ, ಪೂರ್ಣ ನಷ್ಟಕ್ಕೆ ಸಿವಿಲ್ ದಾವೆ ಹೂಡುವ ಹಕ್ಕು ಅವನಿಗಿದೆ ಎಂದೂ ಹೇಳಿದರು. ಹದಿನಾಲ್ಕು ವರ್ಷ ಕಳೆದುಕೊಂಡವನಿಗೆ ಕೋರ್ಟ್ ಫೀಯ, ಸಾಕ್ಷ್ಯದ ದಾರಿ ಎಷ್ಟು ಸುಲಭವೆಂಬುದನ್ನು ಓದುಗರೇ ಊಹಿಸಬಹುದು.

ಆದರೂ ಕೆಲವರು ಆ ದಾರಿ ಹಿಡಿದರು. 1977ರಲ್ಲಿ ಕರ್ನೂಲು ಸೀಮೆಯ ಕೋಯಿಲಕುಂಟ್ಲ ಸಬ್‌ಜೈಲಿನ ಮೇಲೆ ಬಾಂಬು ಬಿದ್ದು ಕೈದಿಯೊಬ್ಬ ಸತ್ತ. ಜೊತೆಗಿದ್ದ ಮಗನಿಗೆ ಗಾಯವಾಯಿತು. ಜೀವಭಯವಿದೆಯೆಂದು ಮೊದಲೇ ತಿಳಿಸಿದ್ದರೂ ಕಾವಲು ಸಾಲದಾಗಿತ್ತು. ಮನೆಯವರು ದಾವೆ ಹೂಡಿದರು. ಕೆಳಗಿನ ಕೋರ್ಟು ತಳ್ಳಿಹಾಕಿದರೂ ಆಂಧ್ರದ ಹೈಕೋರ್ಟು 1,44,000 ರೂಪಾಯಿ ಕೊಡಿಸಿತು. 2000ದಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿದು, ಕೈದಿಯ ಜೀವದ ಹಕ್ಕಿನೆದುರು ಸಾರ್ವಭೌಮ ಅಧಿಕಾರದ ನೆಪ ನಿಲ್ಲದು, ಕಸ್ತೂರಿಲಾಲ್ ತೀರ್ಪು ತನ್ನ ಬಲ ಕಳೆದುಕೊಂಡಿದೆ ಎಂದಿತು.

ಅಮೃತಸರದ ಅಂಗಡಿಯವರ ದಾವೆ ಮುಗಿದು ಆಗ ಮೂವತ್ತಾರು ವರ್ಷಗಳಾಗಿದ್ದವು.