ಕಿವಿಯಿಂದ ಓದಿದ ಅಕ್ಷರಗಳು

ಯಂತ್ರವು ಅಚ್ಚಿನ ಅಕ್ಷರವನ್ನು ಓದುವುದೆಂದೊಡನೆ ಇಂದು ನಮಗೆ ಬ್ಯಾಂಕು, ಅಂಚೆ, ಕಚೇರಿಗಳ ಕಾಗದಪತ್ರಗಳೇ ನೆನಪಿಗೆ ಬರುತ್ತವೆಯಾದರೂ, ಈ ವಿದ್ಯೆಯ ಆದಿಪರ್ವದ ಸ್ಮರಣೀಯ ಪ್ರಯತ್ನವೊಂದು ಹುಟ್ಟಿದುದು ವ್ಯವಹಾರದ ಅವಸರದಿಂದಲ್ಲ, ಅಂಧರಿಗೂ ಗ್ರಂಥಗಳು ತೆರೆದುಕೊಳ್ಳಲೆಂಬ ಹಂಬಲದಿಂದ.

ಬೆಳಕು ಬಿದ್ದಾಗ ಸೆಲೆನಿಯಮ್ ಧಾತುವಿನಲ್ಲಿ ವಿದ್ಯುತ್ತು ಸಲೀಸಾಗಿ ಹರಿಯುವುದೆಂಬುದನ್ನು 1873ರಲ್ಲಿ ವಿಲೋಬಿ ಸ್ಮಿತ್ ಪ್ರಕಟಿಸಿದ್ದನು. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಫೂರ್ನಿಯೆ ದಾಲ್ಬ್ 1910ರ ದಶಕದಲ್ಲಿ ಈ ಗುಣವನ್ನೇ ಆಧರಿಸಿ 'ಆಪ್ಟೋಫೋನ್' ಎಂಬ ಯಂತ್ರವನ್ನು ರಚಿಸಿದನು. ಒಂದೊಂದು ಬಗೆಯ ವೇಗದಲ್ಲಿ ಮಿನುಗುವ ಬೆಳಕಿನ ಬಿಂದುಗಳ ಲಂಬಪಂಕ್ತಿಯು ಸಾಲಿನುದ್ದಕ್ಕೂ ಸಾಗುತ್ತಿರಲು, ಅಕ್ಷರದ ಆಕಾರವು ಸೆಲೆನಿಯಮ್ಮಿನ ಮೂಲಕ ಟೆಲಿಫೋನಿನಲ್ಲಿ ಸ್ವರಸಮೂಹವಾಗಿ ಕೇಳಿಬರುತ್ತಿತ್ತು. ಗ್ಲಾಸ್ಗೋವಿನ ಬಾರ್ ಅಂಡ್ ಸ್ಟ್ರೌಡ್ ಕಂಪನಿಯು ಸುಧಾರಿಸಿದ ಮಾದರಿಯಲ್ಲಿ ಮಸಿಯಿದ್ದ ಎಡೆಯೇ ನಾದವಾಗುತ್ತಿದ್ದುದರಿಂದ, ಇಂಗ್ಲಿಷಿನ 'ವಿ' ಅಕ್ಷರವು ಅವರೋಹಣದಲ್ಲಿ ಇಳಿದು ಆರೋಹಣದಲ್ಲಿ ಏರುತ್ತಿತ್ತು. 1918ರ ಪ್ರದರ್ಶನದಲ್ಲಿ ನಿಮಿಷಕ್ಕೆ ಸುಮಾರು ಒಂದು ಪದವನ್ನು ಓದಿದ ಅಂಧಮಹಿಳೆ ಮೇರಿ ಜೇಮ್ಸನ್, ವರ್ಷಗಳ ಸಾಧನೆಯಿಂದ 60 ಪದಗಳವರೆಗೂ ಮುಟ್ಟಿದಳು. ಆದರೆ ಅಲ್ಲಿ ಓದುತ್ತಿದ್ದವಳು ಆಕೆಯೇ ಹೊರತು ಯಂತ್ರವಲ್ಲ. ಯಂತ್ರವು ಹಾಡುತ್ತಿತ್ತು, ಅರ್ಥದ ಭಾರವೆಲ್ಲ ಆಕೆಯ ಕಿವಿಯ ಮೇಲಿತ್ತು.

ಆ ಭಾರವು ಯಂತ್ರಕ್ಕೆ ದಾಟಿದ ಬಗೆಯೇ ಮುಂದಿನ ಇತಿಹಾಸ. ವಿಯೆನ್ನಾದ ಗುಸ್ಟಾವ್ ಟೌಶೆಕ್ 1929ರಲ್ಲಿ ಪೇಟೆಂಟು ಪಡೆದ ಯಂತ್ರದಲ್ಲಿ ಅಕ್ಷರಗಳ ಆಕೃತಿಯನ್ನು ಕೊರೆದ ಚಕ್ರವು ತಿರುಗುತ್ತಿತ್ತು. ಅಚ್ಚಿನ ಅಕ್ಷರವೂ ಕೊರೆದ ಅಕ್ಷರವೂ ಒಂದರೊಳಗೊಂದು ಕೂಡಿದಾಗ ಬೆಳಕು ಅಡಗುತ್ತಿತ್ತು, ಆ ಕತ್ತಲೆಯೇ ಗುರುತಿನ ಸಂಕೇತವಾಗುತ್ತಿತ್ತು. ಅಮೆರಿಕದ ಡೇವಿಡ್ ಶೆಪರ್ಡ್ 1951ರ ಸುಮಾರಿಗೆ ನಿರ್ಮಿಸಿದ ಯಂತ್ರದ ಸಂತತಿಯು ಆ ದಶಕದ ಮಧ್ಯಭಾಗದಲ್ಲಿ 'ರೀಡರ್ಸ್ ಡೈಜೆಸ್ಟ್' ಕಚೇರಿಯನ್ನು ಸೇರಿ, ಬೆರಳಚ್ಚಿನ ಮಾರಾಟವರದಿಗಳನ್ನು ರಂಧ್ರಪತ್ರಗಳಿಗೆ ಇಳಿಸಲಾರಂಭಿಸಿತು. ಆದರೂ ಯಂತ್ರದ ಕಣ್ಣು ಮಂದವಾದುದು. ಅದರ ಅನುಕೂಲಕ್ಕಾಗಿ ಮನುಷ್ಯನೇ ತನ್ನ ಲಿಪಿಯನ್ನು ತಿದ್ದಿಕೊಂಡು, 1968ರಲ್ಲಿ 'ಒಸಿಆರ್-ಎ' ಎಂಬ ಕೋನಾಕಾರದ ಅಕ್ಷರಗಳನ್ನು ಎರೆಯಬೇಕಾಯಿತು. ನಾನಾ ಬಗೆಯ ಅಚ್ಚುಗಳನ್ನು ಓದಿ ಮಾತಿನಲ್ಲಿ ನುಡಿಯುವ ರೇ ಕರ್ಜ್‌ವೈಲ್‌ನ ಯಂತ್ರವು 1976ರಲ್ಲಿ ಬಂದಾಗ, ವಿದ್ಯೆಯು ಮತ್ತೆ ತಾನು ಹೊರಟಲ್ಲಿಗೆ, ಅಂಧರ ಕಿವಿಗೆ, ಮರಳಿತು.

ಕನ್ನಡಕ್ಕೆ ಬಂದಾಗ ಈ ವಿದ್ಯೆಗೆ ಹೊಸ ಕಷ್ಟವೊಂದು ಎದುರಾಯಿತು. ರೋಮನ್ ಅಕ್ಷರಗಳು ಒಂದರ ಮಗ್ಗುಲಲ್ಲೊಂದು ನಿಂತರೆ, ನಮ್ಮ ವ್ಯಂಜನವು ತಲೆಕಟ್ಟನ್ನೋ ಗುಡಿಸನ್ನೋ ಹೊತ್ತು, ಒತ್ತಕ್ಷರವನ್ನು ಸಾಲಿನ ಕೆಳಗೆ ಇಳಿಬಿಡುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕನ್ನಡದ ಅಚ್ಚನ್ನು ಓದಿಸಲು ಹೊರಟ ಸಂಶೋಧಕರು ಈ ಮೇಲು-ಕೆಳಗುಗಳನ್ನು ಬಿಡಿಸಿ ಮತ್ತೆ ಕೂಡಿಸುವ ಉಪಾಯವನ್ನೇ ಅರಸಬೇಕಾಯಿತು. ಒತ್ತನ್ನು ಬಿಟ್ಟರೆ 'ಅಣ್ಣ'ನೇ 'ಅಣ'ವಾಗುವನಷ್ಟೆ, ಮಗುವಿನ ಸ್ಲೇಟನ್ನು ನೋಡಿ ಮೇಷ್ಟ್ರು ಕೇಳುವ "ಒತ್ತು ಎಲ್ಲಿ ಹೋಯಿತೋ?" ಎಂಬ ಪ್ರಶ್ನೆಗೆ ಯಂತ್ರವೂ ಉತ್ತರ ಹೇಳಿಯೇ ಕನ್ನಡದ ಅಕ್ಷರಾಭ್ಯಾಸವನ್ನು ಮುಗಿಸಬೇಕು.